ತಿರುಪು ಸ್ಪ್ರಾಕೆಟ್

ತಿರುಪು ಸ್ಪ್ರಾಕೆಟ್ ಎಂಬುದು ಬೈಸಿಕಲ್ಲಿನ ಹಬ್ ಅಥವಾ ಕ್ರ್ಯಾಂಕ್‌ನ ಮೇಲೆ ಕೊರೆದ ಥ್ರೆಡ್‌ಗೆ ನಟ್ಟಿನಂತೆ ತಿರುಗಿಸಿ ಕೂರಿಸುವ ಹಲ್ಲುಚಕ್ರ. ಇದರಲ್ಲಿ ಎರಡು ಬಗೆಗಳಿವೆ. ಚಕ್ರದೊಡನೆ ಸದಾ ತಿರುಗುವ ಸ್ಥಿರ ಸ್ಪ್ರಾಕೆಟ್ ಒಂದು. ಪೆಡಲ್ ನಿಲ್ಲಿಸಿದರೂ ಚಕ್ರ ಓಡಲು ಬಿಡುವ ಫ್ರೀವೀಲ್ ಇನ್ನೊಂದು. ಭಾರತದ ರಸ್ತೆಗಳಲ್ಲಿ ಕಾಣುವ ಸಾಮಾನ್ಯ ಒಂಟಿ ಗೇರಿನ ಸೈಕಲ್ಲುಗಳ ಹಿಂಚಕ್ರದಲ್ಲಿ ಇರುವುದು ಈ ಎರಡನೆಯ ಬಗೆ. ಟ್ರಯಲ್ಸ್ ಕ್ರೀಡೆಯ ಸೈಕಲ್ಲುಗಳಲ್ಲಿ ಮಾತ್ರ ಫ್ರೀವೀಲನ್ನು ಮುಂದಿನ ಕ್ರ್ಯಾಂಕ್‌ನ ಮೇಲೆಯೇ ಕೂರಿಸುವ ರೂಢಿಯಿದೆ.

ಪೆಡಲ್ ತುಳಿದಷ್ಟೂ ತಾನಾಗಿಯೇ ಬಿಗಿಯಾಗುವುದು ಈ ಜೋಡಣೆಯ ಮುಖ್ಯ ಗುಣ. ಇದರ ಮುಖ್ಯ ತೊಂದರೆಯೂ ಅದೇ. ವರ್ಷಗಟ್ಟಲೆ ತುಳಿದ ಸ್ಪ್ರಾಕೆಟ್, ಕ್ರ್ಯಾಂಕ್ ಅಥವಾ ಹಬ್ ಬದಲಿಸುವ ಹೊತ್ತಿಗೆ ಜಗ್ಗದಂತೆ ಕಚ್ಚಿಕೊಂಡಿರುತ್ತದೆ. ಅದನ್ನು ಬಿಚ್ಚುವ ಯತ್ನದಲ್ಲಿ ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋಗುವುದು, ರಿಮೂವರ್ ಕೂರುವ ಗಾಡಿಗಳು ಮುರಿಯುವುದು ಮತ್ತು ಕೈಗೆ ಪೆಟ್ಟಾಗುವುದು ಸಾಮಾನ್ಯ.

ರಚನೆ ಮತ್ತು ತತ್ತ್ವ

ಬೈಸಿಕಲ್ಲಿನ ಚೈನ್ ಬಲಬದಿಯಲ್ಲಿರುತ್ತದೆ. ಬಲಗಡೆಯಿಂದ ನೋಡಿದಾಗ ಮುಂದಕ್ಕೆ ಚಲಿಸುವ ಚಕ್ರ ಪ್ರದಕ್ಷಿಣವಾಗಿ, ಅಂದರೆ ಗಡಿಯಾರದ ಮುಳ್ಳಿನಂತೆ, ತಿರುಗುತ್ತದೆ. ಹಿಂದಿನ ಹಬ್‌ನಲ್ಲಿ ಚೈನ್ ಸ್ಪ್ರಾಕೆಟ್ಟನ್ನು ಇದೇ ದಿಕ್ಕಿಗೆ ಎಳೆಯುವುದರಿಂದ, ಸಾಮಾನ್ಯ ಬಲಸುತ್ತಿನ ಥ್ರೆಡ್ ಇದ್ದರೆ ಪ್ರತಿ ತುಳಿತವೂ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಪ್ರತ್ಯೇಕ ನಟ್ ಅಥವಾ ಕೀಲಿ ಬೇಕಾಗುವುದಿಲ್ಲ. ತಯಾರಿಕೆ ಅಗ್ಗ, ಜೋಡಣೆ ಸುಲಭ.

ಸ್ಥಿರ ಸ್ಪ್ರಾಕೆಟ್‌ನಲ್ಲಿ ಸವಾರನು ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸಬಹುದು. ಆ ಒತ್ತಡವು ಸ್ಪ್ರಾಕೆಟ್ಟನ್ನು ಬಿಚ್ಚುವ ದಿಕ್ಕಿನಲ್ಲಿರುವುದರಿಂದ ಅದರ ಹೊರಗೆ ಎಡಸುತ್ತಿನ ಥ್ರೆಡ್ಡುಳ್ಳ ಒಂದು ಲಾಕ್‌ರಿಂಗ್ ಹಾಕಲಾಗುತ್ತದೆ. ಸ್ಪ್ರಾಕೆಟ್ ಹಿಂದಕ್ಕೆ ಬಿಚ್ಚಿಕೊಳ್ಳಲು ಹೊರಟರೆ ಈ ರಿಂಗನ್ನೂ ತನ್ನೊಂದಿಗೆ ಅದೇ ದಿಕ್ಕಿಗೆ ಒಯ್ಯುತ್ತದೆ. ಎಡಸುತ್ತಿನ ರಿಂಗ್‌ಗೆ ಅದು ಬಿಗಿಯಾಗುವ ದಿಕ್ಕು. ಹೀಗಾಗಿ ಎರಡೂ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ.

ಫ್ರೀವೀಲ್‌ಗೆ ಲಾಕ್‌ರಿಂಗ್ ಬೇಕಿಲ್ಲ. ಅದರೊಳಗೆ ಎರಡು ಭಾಗಗಳಿವೆ: ಥ್ರೆಡ್ ಇರುವ ಒಳಗಟ್ಟು ಮತ್ತು ಹಲ್ಲುಗಳಿರುವ ಹೊರಬಳೆ. ಇವೆರಡರ ನಡುವೆ ಸಣ್ಣ ಬೇರಿಂಗ್ ಗುಂಡುಗಳ ಸಾಲುಗಳೂ, ಸ್ಪ್ರಿಂಗ್‌ನಿಂದ ಮೇಲೇಳುವ ಪಾಲ್ ಎಂಬ ಸಣ್ಣ ಕೊಕ್ಕೆಗಳೂ ಇರುತ್ತವೆ. ಮುಂದಕ್ಕೆ ತುಳಿದಾಗ ಪಾಲ್‌ಗಳು ಹೊರಬಳೆಯ ಒಳಮೈಯಲ್ಲಿರುವ ಕಚ್ಚುಗಳಿಗೆ ಆನಿಕೊಳ್ಳುತ್ತವೆ. ತುಳಿತ ನಿಂತಾಗ ಅವು ಕಚ್ಚುಗಳ ಮೇಲೆ ಜಾರುತ್ತಾ ಟಿಕ್ ಟಿಕ್ ಸದ್ದು ಮಾಡುತ್ತವೆ. ಬಿಚ್ಚುವ ದೃಷ್ಟಿಯಿಂದ ಇದರಲ್ಲೊಂದು ಮುಖ್ಯ ವಿಷಯವಿದೆ. ಹಲ್ಲುಗಳನ್ನು ಹಿಡಿದು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಹೊರಬಳೆ ಸುಮ್ಮನೆ ತಿರುಗುತ್ತದೆಯೇ ಹೊರತು ಥ್ರೆಡ್ ಅಲುಗುವುದಿಲ್ಲ. ಆದ್ದರಿಂದ ಒಳಗಟ್ಟನ್ನೇ ಹಿಡಿಯುವ ವಿಶೇಷ ಸಾಧನ ಬೇಕು.

ಇತಿಹಾಸ

ಆರಂಭದ ಚೈನ್ ಬೈಸಿಕಲ್ಲುಗಳಲ್ಲಿ ಇದ್ದುದು ಸ್ಥಿರ ಸ್ಪ್ರಾಕೆಟ್. ಅಮೆರಿಕದ ವಿಲಿಯಂ ವ್ಯಾನ್ ಆ್ಯಂಡೆನ್ 1869ರಲ್ಲಿಯೇ ಫ್ರೀವೀಲ್‌ಗೆ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಜಪಾನಿನ ಸಕಾಯಿ ನಗರದಲ್ಲಿ ಶೋಜಾಬುರೊ ಶಿಮಾನೊ 1921ರಲ್ಲಿ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಮೊದಲ ಉತ್ಪನ್ನವೂ ಒಂಟಿ ಫ್ರೀವೀಲೇ ಆಗಿತ್ತು. ಬ್ರಿಟನ್ನಿನ ಸ್ಟರ್ಮಿ-ಆರ್ಚರ್ ಗೇರ್ ಹಬ್‌ಗಳಲ್ಲಿ 1950ರ ದಶಕದ ಆರಂಭದವರೆಗೆ ತಿರುಪು ಸ್ಪ್ರಾಕೆಟ್ ಇತ್ತು. ಆಮೇಲೆ ಮೂರು ಕಚ್ಚುಗಳ ಸ್ಪ್ರಾಕೆಟ್ಟನ್ನು ಒಂದು ಸ್ಪ್ರಿಂಗ್ ಬಳೆಯಿಂದ ಹಿಡಿಸುವ ಕ್ರಮ ಬಂತು.

ಕ್ರ್ಯಾಂಕ್ ಮೇಲಿನ ತಿರುಪು ಸ್ಪ್ರಾಕೆಟ್

ಟ್ರಯಲ್ಸ್ ಎಂಬುದು ಕಾಲನ್ನು ನೆಲಕ್ಕೆ ಊರದೆ ಬಂಡೆ, ಗೋಡೆ, ಮರದ ದಿಮ್ಮಿಗಳ ಮೇಲೆ ಸೈಕಲ್ಲಿನೊಂದಿಗೆ ಜಿಗಿಯುತ್ತಾ ಸಾಗುವ ಕ್ರೀಡೆ. ಸ್ಪೇನಿನ ಮೋಟರ್‌ಸೈಕಲ್ ಸವಾರ ಪೆರೆ ಪಿ ಅವರು ತಮ್ಮ ಮಗ ಓಟ್ ಪಿಯ ಅಭ್ಯಾಸಕ್ಕಾಗಿ 1970ರ ದಶಕದಲ್ಲಿ ರೂಪಿಸಿದ ಸೈಕಲ್ಲಿನಿಂದ ಇದು ಬೆಳೆಯಿತು. ಬಂಡೆಗೆ ತಗುಲದಿರಲು ಮುಂದಿನ ಸ್ಪ್ರಾಕೆಟ್ ಚಿಕ್ಕದಾಗಿರಬೇಕು. ಸಾಮಾನ್ಯವಾಗಿ ಅದಕ್ಕೆ 18 ಹಲ್ಲುಗಳಿರುತ್ತವೆ. ಅದಕ್ಕೆ ಹೊಂದುವಂತೆ ಹಿಂದೆ 12ರಿಂದ 15 ಹಲ್ಲುಗಳ ಸ್ಪ್ರಾಕೆಟ್ ಬೇಕಾಗುತ್ತದೆ. ಸಾಮಾನ್ಯ ಅಳತೆಯ ಥ್ರೆಡ್‌ನ ಸುತ್ತ ಪಾಲ್, ಗುಂಡು, ಬಳೆ ಎಲ್ಲವನ್ನೂ ಅಷ್ಟು ಕಿರಿದಾದ ಚಕ್ರದಲ್ಲಿ ಅಡಕಿಸುವುದು ಕಷ್ಟ. 16 ಹಲ್ಲಿಗಿಂತ ಚಿಕ್ಕ ಫ್ರೀವೀಲ್‌ಗಳಿಗೆ ಬೇರೆ ಕಿರಿಯ ಥ್ರೆಡ್ ಬೇಕಾಗುತ್ತದೆ. ಈ ಕಾರಣದಿಂದ ಫ್ರೀವೀಲ್ ಕ್ರ್ಯಾಂಕ್‌ಗೆ ಬಂದು, ಹಿಂದೆ ಸ್ಥಿರ ಸ್ಪ್ರಾಕೆಟ್ ಉಳಿಯಿತು. ಇಂಥ ಸೈಕಲ್ಲಿನಲ್ಲಿ ಚಕ್ರ ತಿರುಗುವವರೆಗೂ ಚೈನ್ ಓಡುತ್ತಲೇ ಇರುತ್ತದೆ. ಪೆಡಲ್ ನಿಂತಿದೆಯೆಂದು ಚೈನಿನ ಹತ್ತಿರ ಬೆರಳು ಒಯ್ಯುವುದು ಅಪಾಯಕರ.

ಕ್ರ್ಯಾಂಕ್ ಮೇಲೆ ಥ್ರೆಡ್ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಮುಂದೆ ಬಲದ ಸಂಬಂಧ ಹಿಂದಿನದಕ್ಕೆ ತಿರುವುಮುರುವು: ಇಲ್ಲಿ ಕ್ರ್ಯಾಂಕ್ ತಿರುಗಿಸುತ್ತದೆ, ಚೈನ್ ಸ್ಪ್ರಾಕೆಟ್ಟನ್ನು ತಡೆದು ಹಿಡಿಯುತ್ತದೆ. ಕ್ರ್ಯಾಂಕ್‌ನ ಹೊರಮೈಯಲ್ಲಿ ಬಲಸುತ್ತಿನ ಥ್ರೆಡ್ ಇದ್ದಿದ್ದರೆ ಪ್ರತಿ ತುಳಿತವೂ ಸ್ಪ್ರಾಕೆಟ್ಟನ್ನು ಬಿಚ್ಚುತ್ತಿತ್ತು. ಅದಕ್ಕಾಗಿ ಥ್ರೆಡ್ಡನ್ನು ಬಲ ಕ್ರ್ಯಾಂಕ್‌ನ ಒಳಮೈಯಲ್ಲಿ, ಅಂದರೆ ಫ್ರೇಮ್‌ನ ಕಡೆಗೆ ಮುಖಮಾಡಿ ಕೊರೆದಿರುತ್ತಾರೆ. ಒಳಗಡೆಯಿಂದ ನೋಡಿದರೆ ದಿಕ್ಕು ಬದಲಾಗುವುದರಿಂದ ಅದೇ ಬಲಸುತ್ತಿನ ಥ್ರೆಡ್ ಬಿಗಿಯಾಗುತ್ತದೆ. ಹಿಂಚಕ್ರದ ಫ್ರೀವೀಲನ್ನೇ ಇಲ್ಲಿಯೂ ಬಳಸಲು ಸಾಧ್ಯವಾಗುತ್ತದೆ. ರಿಮೂವರ್ ಕೂರುವ ಗಾಡಿಗಳೂ ಒಳಮುಖದಲ್ಲಿಯೇ ಇರುವುದರಿಂದ ಕ್ರ್ಯಾಂಕನ್ನು ಸೈಕಲ್ಲಿನಿಂದ ಪೂರ್ತಿ ಕಳಚದೆ ಫ್ರೀವೀಲನ್ನು ಮುಟ್ಟಲಾಗದು.

ಭಾರತದ ಸಾಮಾನ್ಯ ರೋಡ್‌ಸ್ಟರ್ ಸೈಕಲ್ಲಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಮುಂದಿನ ಚೈನ್‌ವೀಲ್ ಬಲ ಕ್ರ್ಯಾಂಕ್‌ಗೆ ಶಾಶ್ವತವಾಗಿ ಕೂಡಿಕೊಂಡಿರುತ್ತದೆ, ಕ್ರ್ಯಾಂಕ್ ಕಾಟರ್ ಪಿನ್‌ನಿಂದ ಬಿ.ಬಿ. ಆಕ್ಸಲ್‌ಗೆ ಬಂಧಿತವಾಗಿರುತ್ತದೆ. ತಿರುಪಿನ ಜೋಡಣೆ ಇರುವುದು ಹಿಂದಿನ ಫ್ರೀವೀಲ್‌ನಲ್ಲಿ ಮಾತ್ರ.

ಬಿಗಿದುಕೊಳ್ಳಲು ಕಾರಣಗಳು

ಎಷ್ಟು ಬಿಗಿಯಾಗಿರುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ಅಂದಾಜಿಸಬಹುದು. 70 ಕಿಲೋಗ್ರಾಂ ತೂಕದ ಸವಾರನೊಬ್ಬ 170 ಮಿಲಿಮೀಟರ್ ಉದ್ದದ ಕ್ರ್ಯಾಂಕ್ ಅಡ್ಡವಾಗಿರುವಾಗ ಒಂದೇ ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿ ನಿಂತರೆ ಕ್ರ್ಯಾಂಕ್‌ನ ಮೇಲೆ ಸುಮಾರು 117 ನ್ಯೂಟನ್-ಮೀಟರ್ ತಿರುಗುಬಲ ಬೀಳುತ್ತದೆ. ಮುಂದೆ 44, ಹಿಂದೆ 18 ಹಲ್ಲುಗಳಿರುವ ರೋಡ್‌ಸ್ಟರ್‌ನಲ್ಲಿ ಇದು ಹಿಂದಿನ ಥ್ರೆಡ್‌ಗೆ ತಲಪುವಾಗ 48ರಷ್ಟಕ್ಕೆ ಇಳಿದಿರುತ್ತದೆ. ಬೆಟ್ಟ ಹತ್ತುವ ಗೇರ್ ಸೈಕಲ್ಲಿನಲ್ಲಿ ಮುಂದೆ 22, ಹಿಂದೆ 28 ಹಲ್ಲು ಬಳಸಿದರೆ ಸುಮಾರು 149ಕ್ಕೆ ಏರುತ್ತದೆ. ಹಳೆಯ ಬಹುಗೇರ್ ಫ್ರೀವೀಲ್‌ಗಳು ರೋಡ್‌ಸ್ಟರ್‌ನವಕ್ಕಿಂತ ಹೆಚ್ಚು ಹಟ ಹಿಡಿಯುವುದು ಇದರಿಂದಲೇ. ಟ್ರಯಲ್ಸ್ ಕ್ರ್ಯಾಂಕ್‌ನಲ್ಲಿ ಹಲ್ಲುಗಳ ಅನುಪಾತಕ್ಕೆ ಯಾವ ಪಾತ್ರವೂ ಇಲ್ಲ. ಸವಾರನ ಬಲವೆಲ್ಲ ನೇರವಾಗಿ ಥ್ರೆಡ್ ಮೇಲೆ ಬೀಳುತ್ತದೆ. ಅದೂ ನಿಂತ ಭಾರವಲ್ಲ. ಹಿಂಚಕ್ರದ ಮೇಲೆ ನಿಂತು ಒಮ್ಮೆಲೇ ಒದ್ದು ಜಿಗಿಯುವ ಆಟದಲ್ಲಿ ದೇಹದ ತೂಕವನ್ನು ಮೀರಿದ ಹೊಡೆತಗಳು ಮತ್ತೆ ಮತ್ತೆ ಬೀಳುತ್ತವೆ.

ಇದರೊಂದಿಗೆ ಲೋಹದ ಸ್ವಭಾವವೂ ಸೇರುತ್ತದೆ. ಕ್ರ್ಯಾಂಕ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಫ್ರೀವೀಲ್ ಉಕ್ಕಿನದು. ನೀರು, ಅದರಲ್ಲೂ ಉಪ್ಪುಳ್ಳ ನೀರು ಅಥವಾ ಬೆವರು, ಇವೆರಡರ ನಡುವೆ ನಿಂತರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಂಥ ಆಕ್ಸೈಡ್ ಉಂಟಾಗುತ್ತದೆ. ಅದು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್ಡಿನ ಸಂದುಗಳಲ್ಲಿ ಬೆಣೆಯಂತೆ ಕೂರುತ್ತದೆ. ಗ್ರೀಸ್ ಹಚ್ಚದೆ ಒಣಗಿದ ಥ್ರೆಡ್ ಮೇಲೆ ಕೂರಿಸಿದ ಫ್ರೀವೀಲ್‌ಗಳಲ್ಲಿ ಇದು ಬಹುಮಟ್ಟಿಗೆ ಖಚಿತ.

ಥ್ರೆಡ್ ಅಳತೆಗಳು

ಹೊಸ ಕ್ರ್ಯಾಂಕ್‌ಗೆ ಹಳೆಯ ಫ್ರೀವೀಲ್ ಹೊಂದುತ್ತದೆಯೇ ಎಂಬುದನ್ನು ಬಿಚ್ಚುವ ಮೊದಲೇ ತಿಳಿದಿರುವುದು ಒಳ್ಳೆಯದು. ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು 1.375 ಅಂಗುಲ ವ್ಯಾಸ, ಅಂಗುಲಕ್ಕೆ 24 ಸುತ್ತುಗಳ ಐಎಸ್‌ಒ ಅಳತೆ. ಹಳೆಯ ಬ್ರಿಟಿಷ್ ಅಳತೆ 1.370 ಅಂಗುಲ, ಸುತ್ತುಗಳು ಅಷ್ಟೇ. ಈ ಎರಡನ್ನೂ ಒಂದಕ್ಕೊಂದು ಬದಲಾಗಿ ಬಳಸುತ್ತಾರೆ. ಹಳೆಯ ಫ್ರೆಂಚ್ ಅಳತೆ 34.7 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಅಂತರದ್ದು. ಅಂಗುಲಕ್ಕೆ 24 ಸುತ್ತು ಎಂದರೆ ಸುಮಾರು 1.06 ಮಿಲಿಮೀಟರ್ ಅಂತರ. ಈ ಅತ್ಯಲ್ಪ ವ್ಯತ್ಯಾಸದಿಂದಾಗಿ ಫ್ರೆಂಚ್ ಹಬ್ ಮೇಲೆ ಬೇರೆ ಅಳತೆಯ ಫ್ರೀವೀಲ್ ಒಂದೆರಡು ಸುತ್ತು ಹೋಗಿ, ಸರಿಹೊಂದಿದೆಯೆಂಬ ಭ್ರಮೆ ಹುಟ್ಟಿಸಿ, ನಂತರ ಥ್ರೆಡ್ಡನ್ನು ಕೆಡಿಸುತ್ತದೆ. ಚಿಕ್ಕ ಬಿಎಂಎಕ್ಸ್ ಫ್ರೀವೀಲ್‌ಗಳಿಗೆ 30 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಅಂತರದ ಥ್ರೆಡ್ ಇರುತ್ತದೆ. ಚೈನನ್ನು ಎಡಬದಿಗೆ ಹಾಕುವ ಕೆಲವು ಬಿಎಂಎಕ್ಸ್ ಸೈಕಲ್ಲುಗಳಲ್ಲಿ ಫ್ರೀವೀಲ್ ಎಡಸುತ್ತಿನದು. ಅದಕ್ಕೆ ಕೆಳಗೆ ಹೇಳಿದ ದಿಕ್ಕುಗಳೆಲ್ಲ ತಿರುವುಮುರುವಾಗುತ್ತವೆ.

ಬಿಚ್ಚುವ ಮೊದಲು

ಉಳಿಸಿಕೊಳ್ಳಬೇಕಾದ್ದು ಯಾವುದು ಎಂಬ ನಿರ್ಧಾರ ಮೊದಲು ಆಗಬೇಕು. ಬಾಗಿದ ಅಥವಾ ಬಿರುಕುಬಿಟ್ಟ ಕ್ರ್ಯಾಂಕನ್ನು ಎಸೆಯುವುದಿದ್ದರೆ ಅದರ ಮೇಲೆ ಕರುಣೆ ತೋರಬೇಕಾಗಿಲ್ಲ. ಅಗತ್ಯ ಬಿದ್ದರೆ ಮೃದುವಾದ ಅಲ್ಯೂಮಿನಿಯಮ್ಮನ್ನೇ ಕೊಯ್ದು ಬೆಲೆಬಾಳುವ ಫ್ರೀವೀಲನ್ನು ಉಳಿಸಬಹುದು. ಫ್ರೀವೀಲ್‌ನ ಪಾಲ್‌ಗಳು ಸವೆದು ಜಾರುತ್ತಿದ್ದರೆ ಉಳಿಸಬೇಕಾದ್ದು ಕ್ರ್ಯಾಂಕ್. ಟ್ರಯಲ್ಸ್ ಸವಾರನು ಗೋಡೆಯ ಅಂಚಿನಲ್ಲಿ ಹಿಂಚಕ್ರದ ಮೇಲೆ ನಿಂತು ಒದೆಯುವಾಗ ಪಾಲ್ ಒಮ್ಮೆ ಜಾರಿದರೆ ಕಾಲು ಪೆಡಲಿನೊಂದಿಗೆ ಕೆಳಗೆ ಹೋಗಿ ದೇಹ ಮುಂದಕ್ಕೆ ಬೀಳುತ್ತದೆ. ಆದ್ದರಿಂದ ಜಾರುವ ಫ್ರೀವೀಲನ್ನು ಇನ್ನಷ್ಟು ದಿನ ಓಡಿಸುವ ಉಳಿತಾಯ ನಿಜವಾದ ಉಳಿತಾಯವಲ್ಲ. ಬೆಸುಗೆಯಲ್ಲಿ ಅಥವಾ ಪೆಡಲಿನ ತೂತಿನ ಸುತ್ತ ಕೂದಲೆಳೆಯ ಬಿರುಕು ಕಂಡ ಕ್ರ್ಯಾಂಕ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಪೆಡಲುಗಳನ್ನು ಕ್ರ್ಯಾಂಕ್ ಸೈಕಲ್ಲಿನಲ್ಲಿ ಇರುವಾಗಲೇ ತೆಗೆಯುವುದು ಜಾಣತನ. ಕಳಚಿದ ಕ್ರ್ಯಾಂಕನ್ನು ಹಿಡಿದು ಪೆಡಲ್ ಬಿಚ್ಚುವುದು ಕಷ್ಟ. ಬಲ ಪೆಡಲ್ ಬಲಸುತ್ತಿನದು, ಎಡ ಪೆಡಲ್ ಎಡಸುತ್ತಿನದು. ಅನಂತರ ಕ್ರ್ಯಾಂಕ್ ಬೋಲ್ಟನ್ನು ತೆಗೆಯಬೇಕು. ಚೌಕ ತುದಿಯ ಆಕ್ಸಲ್‌ನಲ್ಲಿ ಇದು 8 ಮಿಲಿಮೀಟರ್ ಅಲೆನ್ ಕೀಗೆ ಅಥವಾ 14 ಮಿಲಿಮೀಟರ್ ಸಾಕೆಟ್‌ಗೆ ಹೊಂದುವಂಥದ್ದು. ಬೋಲ್ಟಿನ ಅಡಿಯ ವಾಷರ್ ಒಳಗೇ ಉಳಿದರೆ ಪುಲ್ಲರ್ ಪೂರ್ತಿ ಇಳಿಯುವುದಿಲ್ಲ. ಅದು ಗಮನಕ್ಕೆ ಬಾರದೆ ಪುಲ್ಲರ್ ಹಾಕಿದ್ದರಿಂದಲೇ ಎಷ್ಟೋ ಕ್ರ್ಯಾಂಕ್‌ಗಳ ಥ್ರೆಡ್ ಹೋಗಿದೆ. ಪುಲ್ಲರ್‌ಗಾಗಿ ಇರುವ ಥ್ರೆಡ್ ಸಾಮಾನ್ಯವಾಗಿ 22 ಮಿಲಿಮೀಟರ್ ವ್ಯಾಸದ್ದು. ಅದನ್ನು ಬ್ರಷ್‌ನಿಂದ ಶುಚಿಮಾಡಿ, ಪುಲ್ಲರನ್ನು ಕೈಯಿಂದಲೇ ತಳಮುಟ್ಟುವವರೆಗೆ ತಿರುಗಿಸಿ, ಆಮೇಲೆ ಮಧ್ಯದ ತಿರುಪನ್ನು ಬಿಗಿಯುತ್ತಾ ಹೋದರೆ ಕ್ರ್ಯಾಂಕ್ ಹೊರಬರುತ್ತದೆ. ಹತ್ತು ಗೀರುಗಳ ಐಸಿಸ್ ಆಕ್ಸಲ್ ಆಗಿದ್ದರೆ ಅದರ ನಡುವಿನ ತೂತು ಅಗಲವಾಗಿರುವುದರಿಂದ ದಪ್ಪ ತುದಿಯ ಪುಲ್ಲರ್ ಬೇಕು. ಚೌಕ ಆಕ್ಸಲ್‌ನ ಪುಲ್ಲರ್ ಬಳಸಿದರೆ ಅದರ ತುದಿ ತೂತಿನೊಳಗೆ ಸುಮ್ಮನೆ ಇಳಿದುಹೋಗುತ್ತದೆ.

ರಿಮೂವರ್ ಮತ್ತು ಸನ್ನೆ

ಫ್ರೀವೀಲ್‌ನ ಒಳಗಟ್ಟಿನಲ್ಲಿ ಎರಡು ಅಥವಾ ನಾಲ್ಕು ಗಾಡಿಗಳು, ಇಲ್ಲವೇ ಸುತ್ತಲೂ ಸಣ್ಣ ಗೀರುಗಳು ಇರುತ್ತವೆ. ಎರಡು ಗಾಡಿಯವು ಸುಲಭವಾಗಿ ಮುರಿಯುತ್ತವೆ. ನಾಲ್ಕು ಗಾಡಿಯವು ವಾಸಿ. ಗೀರುಗಳಿರುವವು ಅತ್ಯುತ್ತಮ, ಆದರೆ ಒಂಟಿ ಫ್ರೀವೀಲ್‌ಗಳಲ್ಲಿ ವಿರಳ. ರಿಮೂವರ್ ಗಾಡಿಯಲ್ಲಿ ಆಟವಿಲ್ಲದೆ ಕೂರಬೇಕು. ಸಡಿಲವಾದ ರಿಮೂವರ್‌ನಿಂದ ಮಾಡುವ ಮೊದಲ ಯತ್ನವೇ ಹೆಚ್ಚಾಗಿ ಕೊನೆಯ ಯತ್ನವಾಗುತ್ತದೆ, ಏಕೆಂದರೆ ಒಮ್ಮೆ ಅಂಚು ದುಂಡಗಾದ ಗಾಡಿಯಲ್ಲಿ ಯಾವ ಸಾಧನವೂ ನಿಲ್ಲದು.

ಜಾರದಂತೆ ಮಾಡಲು ರಿಮೂವರನ್ನು ಬೋಲ್ಟಿನಿಂದ ಒತ್ತಿ ಹಿಡಿಸಬೇಕು. ಹಿಂಚಕ್ರದಲ್ಲಿ ಆಕ್ಸಲ್ ನಟ್ ಈ ಕೆಲಸ ಮಾಡುತ್ತದೆ. ಕ್ರ್ಯಾಂಕ್‌ನಲ್ಲಿ ಮಧ್ಯದ ತೂತಿನ ಮೂಲಕ ಉದ್ದನೆಯ ಬೋಲ್ಟ್ ತೂರಿಸಿ, ಹೊರಮೈಯಲ್ಲಿ ಅಗಲವಾದ ವಾಷರ್ ಹಾಕಿ ನಟ್ ಬಿಗಿಯಬಹುದು. ಫ್ರೀವೀಲ್ ಮೊದಲ ಬಾರಿ ಅಲುಗಿದ ಕೂಡಲೇ ಈ ಬೋಲ್ಟನ್ನು ಸಡಿಲಿಸಬೇಕು. ಹಾಗೆಯೇ ತಿರುಗಿಸುತ್ತಾ ಹೋದರೆ ಹೊರಬರಲು ಜಾಗವಿಲ್ಲದ ಫ್ರೀವೀಲ್ ತನ್ನ ಥ್ರೆಡ್ಡನ್ನೇ ಕಿತ್ತುಕೊಳ್ಳುತ್ತದೆ.

ಸ್ಪ್ಯಾನರಿಗಿಂತ ಬೆಂಚ್ ವೈಸ್ ಎಷ್ಟೋ ಮೇಲು. ರಿಮೂವರ್‌ನ ಆರುಮೂಲೆಯ ತಲೆಯನ್ನು ವೈಸ್‌ನಲ್ಲಿ ಕಚ್ಚಿಸಿ, ಫ್ರೀವೀಲ್ ಕೆಳಮುಖವಾಗಿರುವಂತೆ ಕ್ರ್ಯಾಂಕನ್ನು ಅದರ ಮೇಲೆ ಕೂರಿಸಿ, ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ಕ್ರ್ಯಾಂಕನ್ನೇ ತಿರುಗಿಸಬೇಕು. ಹಿಂಚಕ್ರಕ್ಕೂ ಇದೇ ಕ್ರಮ, ಇದೇ ದಿಕ್ಕು. ಆದರೆ ಅಲ್ಲಿ ಸುಮಾರು 64 ಸೆಂಟಿಮೀಟರ್ ಅಡ್ಡಳತೆಯ ರಿಮ್ ಕೈಗೆ ಸಿಗುತ್ತದೆ. 117 ನ್ಯೂಟನ್-ಮೀಟರ್ ತಿರುಗುಬಲಕ್ಕೆ ಎರಡೂ ಕೈಗಳಿಂದ ತಲಾ 19 ಕಿಲೋಗ್ರಾಂನಷ್ಟು ಒತ್ತಡ ಸಾಕು. ಕ್ರ್ಯಾಂಕ್‌ನಲ್ಲಿ ಸಿಗುವ ಸನ್ನೆ 170 ಮಿಲಿಮೀಟರ್ ಮಾತ್ರ. ಅಷ್ಟೇ ಬಲಕ್ಕೆ ತುದಿಯಲ್ಲಿ 70 ಕಿಲೋಗ್ರಾಂ ಹಾಕಬೇಕಾಗುತ್ತದೆ. ಹಿಂಚಕ್ರದ ಫ್ರೀವೀಲ್ ಬಿಚ್ಚಿ ಪಳಗಿದವರಿಗೂ ಕ್ರ್ಯಾಂಕ್‌ನದು ಜಗ್ಗದಿರುವುದಕ್ಕೆ ಅರ್ಧ ಕಾರಣ ಈ ವ್ಯತ್ಯಾಸವೇ.

ಇದಕ್ಕೆ ಪರಿಹಾರವೆಂದರೆ ಉದ್ದ ಹೆಚ್ಚಿಸುವುದು. ಕ್ರ್ಯಾಂಕ್‌ಗೆ ಬಟ್ಟೆ ಸುತ್ತಿ ಅದರ ಮೇಲೆ ಹೊಂದುವ ಕಬ್ಬಿಣದ ಪೈಪ್ ತೂರಿಸುವುದುಂಟು. ಪೈಪ್ ಕ್ರ್ಯಾಂಕ್‌ನ ಬುಡದವರೆಗೂ ಇಳಿದಿರಬೇಕು. ತುದಿಗೆ ಮಾತ್ರ ಸಿಕ್ಕಿಸಿದರೆ ಕ್ರ್ಯಾಂಕ್ ಬಾಗುವ ಸಂಭವವಿದೆ. 60 ಸೆಂಟಿಮೀಟರ್ ಸನ್ನೆಯ ತುದಿಯಲ್ಲಿ 40 ಕಿಲೋಗ್ರಾಂ ಬಲ ಹಾಕಿದರೆ ಸುಮಾರು 235 ನ್ಯೂಟನ್-ಮೀಟರ್ ಸಿಗುತ್ತದೆ. ಬಲವನ್ನು ಎಳೆದಾಡದೆ, ವೈಸ್‌ಗೆ ಸಮತಲದಲ್ಲಿ, ಒಂದೇ ಸಮನೆ ಹಾಕಬೇಕು. ಸನ್ನೆ ಓರೆಯಾದರೆ ರಿಮೂವರ್ ಗಾಡಿಯಿಂದ ಏಳುತ್ತದೆ. ಫ್ರೀವೀಲ್ ಒಮ್ಮೆಲೇ ಬಿಡುವುದರಿಂದ ಕೈ ಹೋಗಿ ವೈಸ್‌ಗೆ ಬಡಿಯದಂತೆ ನಿಲ್ಲುವ ಭಂಗಿಯನ್ನೂ ಯೋಚಿಸಿರಬೇಕು. ವೈಸ್ ಇಲ್ಲದವರು ಲಾರಿ ಟೈರ್ ಬಿಚ್ಚುವ ಅಂಗಡಿಗಳಲ್ಲಿರುವ, ಗಾಳಿಯಿಂದ ನಡೆಯುವ ಇಂಪ್ಯಾಕ್ಟ್ ಗನ್ ಬಳಸಬಹುದು. ಅದರ ಸಣ್ಣ ಸಣ್ಣ ಹೊಡೆತಗಳು ಉದ್ದನೆಯ ಪೈಪಿಗಿಂತಲೂ ಪರಿಣಾಮಕಾರಿಯಾಗುವುದುಂಟು. ರಿಮೂವರ್ ಬೋಲ್ಟಿನಿಂದ ಹಿಡಿದಿರಬೇಕೆಂಬ ನಿಯಮ ಅಲ್ಲಿಯೂ ತಪ್ಪದು.

ಎಣ್ಣೆ, ಶಾಖ, ತಂಪು

ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ಫ್ರೀವೀಲ್‌ನ ಎರಡೂ ಅಂಚುಗಳಿಗೆ ಹಾಕಿ ಒಂದು ರಾತ್ರಿ ಬಿಡುವುದು ವಾಡಿಕೆ. ಸೈಕಲ್ ಶಾಪುಗಳಲ್ಲಿ ಇದಕ್ಕೆ ಸೀಮೆಎಣ್ಣೆಯನ್ನು ಬಳಸುತ್ತಿದ್ದರು. ಕ್ರ್ಯಾಂಕನ್ನು ಮಗುಚಿಟ್ಟು ಹಲವು ಸಲ ಹಾಕಿದರೆ ಒಳಗೆ ಇಳಿಯುತ್ತದೆ. ಎಣ್ಣೆ ಫ್ರೀವೀಲ್‌ನೊಳಗೆ ಹೊಕ್ಕು ಅಲ್ಲಿನ ಗ್ರೀಸನ್ನು ತೊಳೆಯುವುದರಿಂದ ಮತ್ತೆ ಬಳಸುವ ಮುನ್ನ ಅದಕ್ಕೆ ಹೊಸ ಗ್ರೀಸ್ ಅಥವಾ ಎಣ್ಣೆ ಬೇಕು.

ಶಾಖದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಬಿಸಿ ಮಾಡಿದರೆ ಎಲ್ಲವೂ ಸಡಿಲವಾಗುತ್ತದೆ ಎಂಬುದು ಹೊರಗಿನ ಭಾಗ ಹೆಚ್ಚು ಹಿಗ್ಗುವಾಗ ಮಾತ್ರ ನಿಜ. ಇಲ್ಲಿ ಒಳಗಿರುವುದು ಅಲ್ಯೂಮಿನಿಯಂ, ಹೊರಗಿರುವುದು ಉಕ್ಕು, ಮತ್ತು ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಇಡೀ ಜೋಡಣೆಯನ್ನು ಕುದಿನೀರಿನಲ್ಲಿ ಮುಳುಗಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ತಂಪು ಮಾಡಿದರೆ ಅಲ್ಯೂಮಿನಿಯಂ ಹೆಚ್ಚು ಕುಗ್ಗುತ್ತದೆ. 35 ಮಿಲಿಮೀಟರ್ ವ್ಯಾಸದಲ್ಲಿ 40 ಡಿಗ್ರಿ ಸೆಲ್ಸಿಯಸ್ ಇಳಿಕೆಗೆ ಸಿಗುವ ಸಡಿಲ ಸುಮಾರು 0.015 ಮಿಲಿಮೀಟರ್. ಇದು ಅತ್ಯಲ್ಪವಾದರೂ ಎಣ್ಣೆ ಹಾಕಿದ ಕ್ರ್ಯಾಂಕನ್ನು ಕೆಲ ಗಂಟೆ ಫ್ರೀಜರ್‌ನಲ್ಲಿಟ್ಟು, ಹೊರತೆಗೆದ ಕೂಡಲೇ ಉಕ್ಕಿನ ಒಳಗಟ್ಟಿಗೆ ಮಾತ್ರ ಬಿಸಿಗಾಳಿ ಹಾಯಿಸಿ ತಿರುಗಿಸುವುದು ತರ್ಕಬದ್ಧ ಕ್ರಮ. ಬೆಂಕಿಯ ಜ್ವಾಲೆ ಬೇಡ. ಕ್ರ್ಯಾಂಕ್‌ನ ಮಿಶ್ರಲೋಹಕ್ಕೆ ಶಾಖೋಪಚಾರದಿಂದ ಬಲ ಕೊಟ್ಟಿರುತ್ತಾರೆ. ಅತಿಯಾಗಿ ಕಾದರೆ ಆ ಬಲ ಕುಗ್ಗುತ್ತದೆ, ಮತ್ತು ಕುಗ್ಗಿರುವುದು ಕಣ್ಣಿಗೆ ಕಾಣಿಸುವುದಿಲ್ಲ.

ಗಾಡಿ ಮುರಿದಾಗ

ರಿಮೂವರ್ ನಿಲ್ಲದಿದ್ದರೆ ಫ್ರೀವೀಲನ್ನು ಬಿಡಿಬಿಡಿಯಾಗಿ ಕಳಚುವುದು ಮುಂದಿನ ದಾರಿ. ಅದರ ಮುಖದಲ್ಲಿ ಎರಡು ಸಣ್ಣ ಕುಳಿಗಳಿರುವ ಒಂದು ತೆಳು ಬಳೆ ಇರುತ್ತದೆ. ಅದು ಎಡಸುತ್ತಿನದು. ಆದ್ದರಿಂದ ಪಿನ್ ಸ್ಪ್ಯಾನರ್‌ನಿಂದ, ಅಥವಾ ಕುಳಿಗೆ ಪಂಚ್ ಕೊಟ್ಟು ಸುತ್ತಿಗೆಯಿಂದ ಹೊಡೆದು, ಪ್ರದಕ್ಷಿಣವಾಗಿ ತಿರುಗಿಸಬೇಕು. ಭಾರತದ ಸೈಕಲ್ ಮೆಕ್ಯಾನಿಕ್‌ಗಳು ಫ್ರೀವೀಲ್ ದುರಸ್ತಿಗೆ ಬಹುಕಾಲದಿಂದ ಅನುಸರಿಸುವ ಕ್ರಮ ಇದೇ. ಬಳೆ ಬಂದ ಮೇಲೆ ಹಲ್ಲಿನ ಹೊರಬಳೆಯನ್ನು ಎತ್ತಿದರೆ ಬೇರಿಂಗ್ ಗುಂಡುಗಳು ಉದುರುತ್ತವೆ; ಅಡಿಯಲ್ಲಿ ತಟ್ಟೆ ಅಥವಾ ಬಟ್ಟೆ ಇರಲಿ. ಪಾಲ್ ಮತ್ತು ಸ್ಪ್ರಿಂಗ್‌ಗಳನ್ನು ತೆಗೆದಾಗ ಕ್ರ್ಯಾಂಕ್‌ನ ಮೇಲೆ ಉಕ್ಕಿನ ಒಳಗಟ್ಟು ಮಾತ್ರ ಉಳಿಯುತ್ತದೆ. ಅದನ್ನು ವೈಸ್‌ನಲ್ಲಿ ಗಟ್ಟಿಯಾಗಿ ಕಚ್ಚಿಸಿ ಕ್ರ್ಯಾಂಕನ್ನು ಮೊದಲಿನಂತೆಯೇ ಅಪ್ರದಕ್ಷಿಣವಾಗಿ ತಿರುಗಿಸಬೇಕು. ಪಾಲ್ ಕೂರುವ ತಗ್ಗುಗಳು ವೈಸ್‌ನ ದವಡೆಗೆ ಒಳ್ಳೆಯ ಹಿಡಿತ ಕೊಡುತ್ತವೆ. ಹೆಚ್ಚಿನ ಹಟಮಾರಿ ಫ್ರೀವೀಲ್‌ಗಳು ಇಲ್ಲಿಗೆ ಸೋಲುತ್ತವೆ.

ಅದಕ್ಕೂ ಜಗ್ಗದಿದ್ದರೆ ಒಳಗಟ್ಟನ್ನು ತೆಳುವಾದ ಗ್ರೈಂಡರ್ ಬಿಲ್ಲೆಯಿಂದ ಆಕ್ಸಲ್‌ಗೆ ಸಮಾಂತರವಾಗಿ ಸೀಳುವುದುಂಟು. ಸೀಳು ಥ್ರೆಡ್ಡನ್ನು ಮುಟ್ಟುವ ಮೊದಲೇ ನಿಲ್ಲಬೇಕು. ಉಳಿದ ತೆಳು ಗೋಡೆಯನ್ನು ಉಳಿ ಮತ್ತು ಸುತ್ತಿಗೆಯಿಂದ ಬಿರಿಸಬಹುದು. ಈ ಹಂತದಲ್ಲಿ ಕಣ್ಣಿಗೆ ರಕ್ಷಣೆ ಕಡ್ಡಾಯ. ಪೆಡಸಾದ ಉಕ್ಕಿನ ಚೂರುಗಳು ವೇಗವಾಗಿ ಸಿಡಿಯುತ್ತವೆ.

ಸ್ಥಿರ ಸ್ಪ್ರಾಕೆಟ್ ಬಿಚ್ಚುವುದು

ಹಿಂದಿನ ಹಬ್‌ನ ಸ್ಥಿರ ಸ್ಪ್ರಾಕೆಟ್‌ಗೆ ಗಾಡಿಗಳಿರುವುದಿಲ್ಲ, ಹಲ್ಲುಗಳನ್ನೇ ಹಿಡಿಯಬಹುದು. ಲಾಕ್‌ರಿಂಗ್ ಇದ್ದರೆ ಮೊದಲು ಅದನ್ನು ಕೊಕ್ಕೆ ಸ್ಪ್ಯಾನರಿನಿಂದ ಪ್ರದಕ್ಷಿಣವಾಗಿ ತಿರುಗಿಸಿ ತೆಗೆಯಬೇಕು. ಅನಂತರ ಚೈನ್ ವಿಪ್, ಅಂದರೆ ಹಿಡಿಗೆ ಜೋಡಿಸಿದ ಚೈನ್ ತುಂಡಿನಿಂದ ಹಲ್ಲುಗಳನ್ನು ಸುತ್ತಿ ಅಪ್ರದಕ್ಷಿಣವಾಗಿ ಎಳೆಯಬೇಕು. ಆ ಸಾಧನ ಸಾಲದಿದ್ದಾಗ ರೋಟಾಫಿಕ್ಸ್ ಎಂಬ ಉಪಾಯವಿದೆ: ಚಕ್ರವನ್ನು ಫ್ರೇಮ್‌ನಲ್ಲೇ ಇಟ್ಟು, ಚೈನನ್ನು ಸ್ಪ್ರಾಕೆಟ್‌ಗೂ ಬಿ.ಬಿ. ಕೊಳವೆಗೂ ಬಿಗಿಯಾಗಿ ಸುತ್ತಿ, ಇಡೀ ಚಕ್ರವನ್ನೇ ಸನ್ನೆಯಾಗಿ ತಿರುಗಿಸುವುದು. ಚೈನ್ ಸುತ್ತಿದ ಕಡೆ ದಪ್ಪ ಬಟ್ಟೆ ಇಡದಿದ್ದರೆ ಬಣ್ಣ ಹೋಗುತ್ತದೆ. ತೆಳು ಲೋಹದ ಅಥವಾ ಕಾರ್ಬನ್ ಫ್ರೇಮ್‌ಗಳಿಗೆ ಈ ಉಪಾಯ ಸಲ್ಲದು.

ಮರುಜೋಡಣೆ

ಹೊಸ ಕ್ರ್ಯಾಂಕ್‌ನ ಥ್ರೆಡ್ಡನ್ನು ಒರೆಸಿ ಗ್ರೀಸ್ ಅಥವಾ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟನ್ನು ಧಾರಾಳವಾಗಿ ಹಚ್ಚಬೇಕು. ಥ್ರೆಡ್ ಸಣ್ಣದಾದ್ದರಿಂದ ಫ್ರೀವೀಲ್ ಸುಲಭವಾಗಿ ಓರೆಯಾಗಿ ಕೂರುತ್ತದೆ. ಮೊದಲು ಅಪ್ರದಕ್ಷಿಣವಾಗಿ ನಿಧಾನಕ್ಕೆ ತಿರುಗಿಸುತ್ತಾ ಥ್ರೆಡ್ಡಿನ ಬಾಯಿ ಸೇರುವಾಗ ಆಗುವ ಸಣ್ಣ ಟಕ್ ಎಂಬ ಇಳಿತವನ್ನು ಗುರುತಿಸಿ, ಅಲ್ಲಿಂದ ಪ್ರದಕ್ಷಿಣವಾಗಿ ತಿರುಗಿಸಿದರೆ ನೇರವಾಗಿ ಹೋಗುತ್ತದೆ. ಕೊನೆಯವರೆಗೂ ಕೈಯಿಂದಲೇ ಹೋಗಬೇಕು. ಮಧ್ಯದಲ್ಲಿ ಬಿಗಿಯಾದರೆ ಒತ್ತಾಯಿಸದೆ ಹೊರತೆಗೆದು ನೋಡಬೇಕು. ಸಾಧನದಿಂದ ಬಿಗಿಯುವ ಅಗತ್ಯವಿಲ್ಲ. ಮೊದಲ ಕೆಲವು ಬಲವಾದ ತುಳಿತಗಳೇ ಅದನ್ನು ಕೂರಿಸುತ್ತವೆ. ಹಾಗೆ ಕೂರುವವರೆಗೆ ಸ್ಪ್ರಾಕೆಟ್ ಸ್ವಲ್ಪ ಮುಂದೆ ಸರಿಯುವುದರಿಂದ ಎತ್ತರದಿಂದ ಜಿಗಿಯುವ ಯತ್ನಗಳನ್ನು ಅಷ್ಟು ಹೊತ್ತು ಮುಂದೂಡುವುದು ಕ್ಷೇಮ. ಹೊಸ ಕ್ರ್ಯಾಂಕ್‌ನಲ್ಲಿ ಫ್ರೀವೀಲ್ ಕೂರುವ ಮಟ್ಟ ಹಳೆಯದಕ್ಕಿಂತ ಬೇರೆಯಿರಬಹುದು. ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್‌ಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ತೆಳು ಬಿಲ್ಲೆಗಳಿಂದ ಸರಿಪಡಿಸಬೇಕು, ಏಕೆಂದರೆ ಓರೆಯಾದ ಚೈನ್ ಜಿಗಿತದ ಹೊತ್ತಿನಲ್ಲಿ ಹಲ್ಲಿನಿಂದ ಜಾರಬಲ್ಲದು.

ಪರ್ಯಾಯ ಜೋಡಣೆಗಳು

ಬಹುಗೇರ್ ಸೈಕಲ್ಲುಗಳಲ್ಲಿ ತಿರುಪು ಫ್ರೀವೀಲ್‌ನ ಸ್ಥಾನವನ್ನು ಬಹುಮಟ್ಟಿಗೆ ಕ್ಯಾಸೆಟ್ ಪದ್ಧತಿ ಆಕ್ರಮಿಸಿದೆ. ಅದರಲ್ಲಿ ಪಾಲ್‌ಗಳು ಹಬ್‌ನಲ್ಲೇ ಇರುತ್ತವೆ. ಸ್ಪ್ರಾಕೆಟ್‌ಗಳು ಉದ್ದನೆಯ ಗೀರುಗಳ ಮೇಲೆ ಜಾರಿ ಕೂರುತ್ತವೆ. ಬ್ರಿಟನ್ನಿನ ಬೇಲಿಸ್-ವೈಲಿ 1938ರಲ್ಲಿಯೇ ಇಂಥದೊಂದು ಹಬ್ಬನ್ನು ತಂದಿತ್ತಾದರೂ ಪದ್ಧತಿ ನೆಲೆಯೂರಿದ್ದು ಶಿಮಾನೊ 1978ರಲ್ಲಿ ಫ್ರೀಹಬ್ ಪರಿಚಯಿಸಿದ ಮೇಲೆ. ತುಳಿತದ ಬಲ ಗೀರುಗಳ ಮೇಲೆ ಬೀಳುವುದರಿಂದ ಅಂಚಿನ ಲಾಕ್‌ರಿಂಗ್ ಅತಿಯಾಗಿ ಬಿಗಿಯುವುದಿಲ್ಲ. ಅಗ್ಗದ ಗೇರ್ ಸೈಕಲ್ಲುಗಳು, ಒಂಟಿ ಗೇರಿನ ರೋಡ್‌ಸ್ಟರ್‌ಗಳು ಮತ್ತು ಹಿಂಚಕ್ರದ ಹಬ್‌ನಲ್ಲೇ ಮೋಟರ್ ಇರುವ ಹಲವು ವಿದ್ಯುತ್ ಸೈಕಲ್ಲುಗಳು ಇಂದಿಗೂ ತಿರುಪಿನ ಜೋಡಣೆಯನ್ನೇ ಬಳಸುತ್ತಿವೆ.